ಬೇಕಲ ಕೋಟೆಗೆ ನಾಯಿ ಕರ್ಕೊಂಡು ಹೋಗೋರಿಗೆ: ಶನಿವಾರದ ಪ್ರಶ್ನೋತ್ತರ

ನಿರ್ವಾಹಕ: ಇವತ್ತಿನ ವಿಷಯ ಕಾಸರಗೋಡಿನ ಬೇಕಲ ಕೋಟೆ, ಪಕ್ಕದ ಬೀಚು, ಜೊತೆಗೆ ನಿಮ್ಮ ನಾಯಿ. ಉತ್ತರ ಕೊಡೋರು ಮಂಗಳೂರಿನ ಪಶುವೈದ್ಯರು. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ರಾಕಿ ಅಮ್ಮ: ಡಾಕ್ಟ್ರೇ, ಕೋಟೆ ಒಳಗೆ ನಾಯಿ ಬಿಡ್ತಾರಾ? ಬೆಲ್ಟ್ ಹಾಕಿರ್ತೀವಿ.

ಡಾಕ್ಟರ್: ಇಲ್ಲ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1959ರ ನಿಯಮಾವಳಿಯ 8ನೇ ನಿಯಮದ ಪ್ರಕಾರ, ನಿರ್ವಹಣೆಯ ಕೆಲಸಕ್ಕೆ ಬಿಟ್ಟು ಯಾವ ಪ್ರಾಣಿಯನ್ನೂ ಒಳಗೆ ತರುವಂತಿಲ್ಲ. ಒಬ್ಬರು ಟಿಕೆಟ್ ತಗೊಂಡು ಹೋಗಿ, ಇನ್ನೊಬ್ಬರು ನಾಯಿ ಜೊತೆ ನೆರಳಲ್ಲಿರಿ, ಆಮೇಲೆ ಬದಲಾಯಿಸಿಕೊಳ್ಳಿ. ಸುಮಾರು 40 ಎಕರೆ ಕೋಟೆ, ಬುರುಜು ಹತ್ತಿ ಇಳಿಯುವಾಗ ಒಂದು ಗಂಟೆ ಆಗ್ತದೆ. ಅಷ್ಟು ಹೊತ್ತು ಕಾರಲ್ಲಿ ಕೂಡಿ ಹಾಕ್ಬೇಡಿ. ಗ್ಲಾಸು ಎರಡಿಂಚು ಇಳಿಸಿದ್ರೂ 10 ನಿಮಿಷಕ್ಕೆ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರ್ತದೆ.

ಚಿನ್ನಿ ಮನೆ: ನಮ್ದು ಪಗ್. ಮಧ್ಯಾಹ್ನ 12ಕ್ಕೆ ತಲುಪ್ತೀವಿ. ಬೀಚಲ್ಲಿ ಸ್ವಲ್ಪ ಓಡಾಡಿಸಬಹುದಾ?

ಡಾಕ್ಟರ್: ಬೇಡ. ಮೂತಿ ಚಪ್ಪಟೆ ಇರೋ ನಾಯಿಗೆ ಕರಾವಳಿಯ ಸೆಕೆಯಲ್ಲಿ ಏದುಸಿರು ಬಿಟ್ಟು ಮೈ ತಣಿಸ್ಲಿಕ್ಕೆ ಆಗೋದಿಲ್ಲ. ಸಂಜೆ 5ರ ನಂತರ ಹೋಗಿ. ಅಂಗೈಯ ಹಿಂಭಾಗವನ್ನು ನೆಲದ ಮೇಲೆ 7 ಸೆಕೆಂಡ್ ಇಡಿ, ನಿಮಗೆ ಸುಟ್ರೆ ಅದಕ್ಕೂ ಸುಡ್ತದೆ. ಕೋಟೆಯ ಮುರಕಲ್ಲಿನ (ಕೆಂಪು ಕಲ್ಲಿನ) ಮೇಲೂ ಹಾಗೇ ನೋಡಿ.

ಗುಂಡನ ಅಪ್ಪ: ಸರ್, ಅರ್ಜೆಂಟ್. ಬೇಕಲದಲ್ಲೇ ಇದ್ದೀವಿ. ಲ್ಯಾಬ್ರಡಾರ್, 4 ವರ್ಷ, 31 ಕೆ.ಜಿ. ನಿನ್ನೆ ಸಂಜೆ ಚೆಂಡು ತರೋ ಆಟದಲ್ಲಿ ತುಂಬಾ ಸಮುದ್ರದ ನೀರು ಕುಡಿದಿದ್ದಾನೆ. ರಾತ್ರಿ ಆರು ಸಲ ವಾಂತಿ, ನೀರು ನೀರು ಭೇದಿ. ಬೆಳಗ್ಗೆಯಿಂದ ಹಿಂಗಾಲು ತೂರಾಡ್ತಿದೆ.

ಡಾಕ್ಟರ್: ಇದನ್ನು ಮನೆಯಲ್ಲಿ ನೋಡಿಕೊಳ್ಳುವ ಹಂತ ದಾಟಿದೆ, ಈಗಲೇ ಹೊರಡಿ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಉಂಟು. ನಾಲ್ಕು ಗುಟುಕಿಗೆ ಭೇದಿ ಆಗಿ ನಿಲ್ತದೆ. ಚೆಂಡು ಕಚ್ಚಿದ ಪ್ರತಿ ಸಲ ಬಾಯಿ ತುಂಬಾ ನೀರು ನುಂಗಿದ್ರೆ ರಕ್ತದಲ್ಲಿ ಸೋಡಿಯಂ ಏರಿ, ಮೆದುಳಿನ ಕೋಶಗಳಿಂದ ನೀರು ಹೊರಗೆ ಎಳೀತದೆ. ತೂರಾಡೋದು ಅದಕ್ಕೆ. ಮುಂದೆ ನಡುಕ, ಫಿಟ್ಸ್ ಬರಬಹುದು.
ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ. ಉಪ್ಪು ಏರಿ ಇಷ್ಟು ಹೊತ್ತಾದ ಮೇಲೆ ಒಮ್ಮೆಲೇ ಬೋಗುಣಿ ತುಂಬಾ ನೀರು ಕೊಟ್ರೆ ಮೆದುಳು ಊದಿಕೊಳ್ತದೆ, ಅದು ಉಪ್ಪಿಗಿಂತ ಕೆಟ್ಟದ್ದು. ಸೋಡಿಯಂ ಅನ್ನು ಡ್ರಿಪ್ಪಲ್ಲಿ ನಿಧಾನಕ್ಕೆ, ಒಂದೆರಡು ದಿನ ತಗೊಂಡು ಇಳಿಸಬೇಕು. ಹೊಸದುರ್ಗ (ಕಾಞಂಗಾಡ್) ನಿಮಗೆ ಸುಮಾರು 12 ಕಿ.ಮೀ. ಹೊರಡುವಾಗಲೇ ಫೋನ್ ಮಾಡಿ, ಸೋಡಿಯಂ ನೋಡುವ ರಕ್ತಪರೀಕ್ಷೆ ಉಂಟಾ ಕೇಳಿ. ಇಲ್ಲದಿದ್ರೆ ಸೀದಾ ಮಂಗಳೂರಿಗೆ ಬನ್ನಿ. ಹೊಟ್ಟೆಯ ಎಕ್ಸ್‌ರೇ ಕೂಡ ಮಾಡಿಸಿ. ಒದ್ದೆ ಚೆಂಡಿಗೆ ಅಂಟಿದ ಮರಳು ಹೊಟ್ಟೆಗೆ ಹೋಗಿ ಕರುಳಲ್ಲಿ ಗಟ್ಟಿಯಾಗ್ತದೆ.

ಶ್ವಾನಪ್ರಿಯ: *ಫಾರ್ವರ್ಡ್* ನಾಯಿ ಏನೇ ವಿಷ ತಿಂದರೂ ಬೆಚ್ಚಗಿನ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ನಂತರ ಅರಿಶಿನ, ಉಪ್ಪು ಹಾಕಿದ ಮಜ್ಜಿಗೆ ಕೊಡಿ 🙏

ಡಾಕ್ಟರ್: ಉಪ್ಪು ಹೆಚ್ಚಾಗಿ ಮಲಗಿದ ನಾಯಿಗೆ ಉಪ್ಪುನೀರು, ಮೇಲಿಂದ ಉಪ್ಪಿನ ಮಜ್ಜಿಗೆ! ಓದಿ ಹಾಕಿ ಮಾರಾಯ್ರೆ. ಯಾವ ವಿಷಕ್ಕೂ ನಾಯಿಗೆ ಉಪ್ಪುನೀರು ಕುಡಿಸಬಾರದು.

ಶ್ವಾನಪ್ರಿಯ: ಒಳ್ಳೇದಕ್ಕೆ ಹಾಕಿದ್ದು ಸರ್. ಹಾಗಾದ್ರೆ ಓಆರ್‌ಎಸ್?

ಡಾಕ್ಟರ್: ಅದರಲ್ಲೂ ಉಪ್ಪುಂಟು. ರಕ್ತಪರೀಕ್ಷೆಗೆ ಮೊದಲು ಬೇಡ. ಪ್ಯಾರಾಸಿಟಮಾಲ್ ಅಂತ ಮುಂದೆ ಕೇಳ್ಬೇಡಿ, ಅದೂ ಬೇಡ.

ಬೈಕ್ ಬ್ರೂನೋ: ಕೋಟೆಗೆ ಚಿಕ್ಕ ನಾಯಿ ಬ್ಯಾಗಲ್ಲಿ ಹಾಕ್ಕೊಂಡು ಹೋದ್ರೆ?

ಡಾಕ್ಟರ್: ಮೇಲೆ ಓದಿ.

ರಾಕಿ ಅಮ್ಮ: ಒಳಗೆ ಬೀದಿನಾಯಿಗಳು ಆರಾಮಾಗಿ ಮಲಗಿರುತ್ತವೆ, ವ್ಯಾಕ್ಸಿನ್ ಹಾಕಿಸಿದ ನಮ್ಮ ರಾಕಿಗೆ ಮಾತ್ರ ನಿಯಮ!

ಪಳ್ಳಿಕ್ಕರೆಯವ: ಬೀದಿನಾಯಿಯನ್ನು ಯಾರೂ ತಂದದ್ದಲ್ಲ, ಅದಾಗಿ ಬಂದದ್ದು. ನಿಯಮ ತರುವವರ ಮೇಲೆ.

ಶ್ವಾನಪ್ರಿಯ: ಬಾಗಿಲಲ್ಲೇ ಮುಖ್ಯಪ್ರಾಣ ದೇವಸ್ಥಾನ ಇದೆಯಲ್ಲ, ಅದಕ್ಕೇ ಬಿಡಲ್ಲ.

ಪಳ್ಳಿಕ್ಕರೆಯವ: ದೇವಸ್ಥಾನ ಇಲ್ಲದ ಸ್ಮಾರಕಕ್ಕೂ ಅದೇ ನಿಯಮ. ಸುಮ್ಮನೆ ಕಥೆ ಕಟ್ಬೇಡಿ.

ಬೈಕ್ ಬ್ರೂನೋ: ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಕನ್ನಡದವರ ಕೋಟೆಗೆ ನಮ್ಮ ನಾಯಿಗೇ ಪ್ರವೇಶ ಇಲ್ಲ!

ಪಳ್ಳಿಕ್ಕರೆಯವ: ಅದಕ್ಕೂ ಮೊದಲು ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕೋಟೆ ಅಲ್ಲಿತ್ತು ಅನ್ನುವವರೂ ಇದ್ದಾರೆ. ನಾಯಿಗೆ ಪಾಸ್ ಕೊಡ್ಲಿಕ್ಕೆ ಶಿವಪ್ಪ ನಾಯಕ ಗೇಟಲ್ಲಿ ಕೂತಿಲ್ಲ.

ಬೈಕ್ ಬ್ರೂನೋ: 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ್ದೇ, ಗೊತ್ತಾ?

ಪಳ್ಳಿಕ್ಕರೆಯವ: ಗೊತ್ತುಂಟು. ಆಗ ದಕ್ಷಿಣ ಕನ್ನಡವೂ ಮದ್ರಾಸಿನದ್ದು.

ಚಿನ್ನಿ ಮನೆ: ರೈಲಲ್ಲಿ ಪಗ್ ತರೋಕೆ ಏನು ಮಾಡ್ಬೇಕು, ಯಾರಾದ್ರೂ ಹೇಳಿ.

ಡಾಕ್ಟರ್: ಗುಂಡನ ಅಪ್ಪ, ಹೊರಟ್ರಾ ಇಲ್ವಾ? ಉಳಿದವರು ಸ್ವಲ್ಪ ನಿಲ್ಲಿಸಿ, ಅವರ ಮೆಸೇಜು ಮೇಲೆ ಹೋಗಿಬಿಡ್ತದೆ.

ರಾಕಿ ಅಮ್ಮ: ಪ್ರಶ್ನೆ ಕೇಳಿ ಅಂದೋರು ನೀವೇ ಸರ್.

ಡಾಕ್ಟರ್: ಕೇಳಿ. ಉತ್ತರ ಕೊಟ್ಟದ್ದನ್ನೇ ಕೇಳ್ಬೇಡಿ.

ಮಲ್ಪೆ ಮುಧೋಳ: ಬೀಚಲ್ಲಿ ಬಲೆಯಿಂದ ಎಸೆದ ಮೀನು ತಿಂದ್ರೆ?

ಡಾಕ್ಟರ್: ಬಿಡ್ಬೇಡಿ. ಚೆಂಡಿನ ಹಾಗೆ ಉಬ್ಬುವ ಮೀನು ಸತ್ತ ಮೇಲೂ ವಿಷವೇ, ಮೈಯೆಲ್ಲ ಸೋತು ಉಸಿರು ನಿಲ್ತದೆ. ಗಾಳ ನುಂಗಿ, ದಾರ ಬಾಯಿಂದ ಹೊರಗೆ ನೇತಾಡ್ತಿದ್ರೆ ಎಳೀಬೇಡಿ. ಕತ್ತರಿಸಲೂಬೇಡಿ, ಹಾಗೇ ಕರ್ಕೊಂಡು ಬನ್ನಿ.

ಗುಂಡನ ಅಪ್ಪ: ಅಡ್ಮಿಟ್ ಮಾಡಿದ್ದೀವಿ ಸರ್. ಸೋಡಿಯಂ 171 ಬಂದಿದೆ. ಡ್ರಿಪ್ ಶುರು. ಎಕ್ಸ್‌ರೇನಲ್ಲಿ ಮರಳು ಸ್ವಲ್ಪ ಇದೆ.

ಡಾಕ್ಟರ್: ಹೆಚ್ಚುಂಟು. ಆ 171ನ್ನು ಗಂಟೆಗೆ 0.5ರ ಲೆಕ್ಕದಲ್ಲಿ ಇಳಿಸಿ ಅಂತ ನಾನು ಹೇಳಿದೆ ಅನ್ನಿ. ನಾಲ್ಕೈದು ಗಂಟೆಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ. ಮಧ್ಯೆ ಮಂಕಾದ್ರೆ, ಫಿಟ್ಸ್ ಬಂದ್ರೆ ನನಗೇ ಫೋನ್ ಮಾಡಲು ಹೇಳಿ, ನಂಬರ್ ಇನ್‌ಬಾಕ್ಸಿಗೆ ಕಳಿಸಿದ್ದೇನೆ.

ಮಲ್ಪೆ ಮುಧೋಳ: ಉಣ್ಣಿಗೆ ಕಾಲರ್ ಹಾಕಿದ ನಾಯಿಯನ್ನು ಸಮುದ್ರಕ್ಕೆ ಇಳಿಸಬಹುದಾ ಸರ್?

ಶ್ವಾನಪ್ರಿಯ: ಬೇವಿನೆಣ್ಣೆ ಹಚ್ಚಿ ಸಾಕು, *ಫಾರ್ವರ್ಡ್*

ನಿರ್ವಾಹಕ: ಕಾಮೆಂಟ್ ಬಂದ್ ಮಾಡ್ತಿದ್ದೀನಿ.