ತಿನ್ನುತ್ತಲೇ ಸೊರಗುತ್ತಿರುವ ಬಡ್ಜಿ: ಹಿಕ್ಕೆಯಲ್ಲಿ ಇಡೀ ಕಾಳು ಬರುತ್ತಿದೆ, ಏನು ಮಾಡಲಿ?

ಹಸಿರುರೆಕ್ಕೆ:

ನಮಸ್ಕಾರ. ನಮ್ಮಲ್ಲಿ ಎರಡು ವರ್ಷದ ಗಂಡು ಬಡ್ಜಿ (ಪುಟ್ಟ ಸಾಕುಗಿಳಿ) ಇದೆ, ಹೆಸರು ಚಿಗುರು. ಅದೇ ಪಂಜರದಲ್ಲಿ ಮಿಂಚು ಎಂಬ ಹೆಣ್ಣೂ ಇದೆ. ಚಿಗುರು ಬೆಳಗಿನಿಂದ ಸಂಜೆಯವರೆಗೆ ಕಾಳಿನ ಬಟ್ಟಲು ಬಿಟ್ಟು ಕದಲುವುದಿಲ್ಲ. ಆದರೂ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದೆ. ಕೈಯಲ್ಲಿ ಹಿಡಿದರೆ ಎದೆಯ ನಡುವಿನ ಮೂಳೆ ಚೂಪಾಗಿ ತಾಗುತ್ತದೆ, ಅದರ ಎರಡೂ ಬದಿಯ ಮಾಂಸ ಕರಗಿದೆ. ಮಧ್ಯಾಹ್ನವೆಲ್ಲ ಗರಿ ಕೆದರಿಕೊಂಡು ಕಣ್ಣು ಮುಚ್ಚಿ ಕೂರುತ್ತದೆ. ಹಾಡು ನಿಂತೇಹೋಗಿದೆ. ಆಗಾಗ ತಲೆ ಕೊಡವಿ ಅಂಟಂಟಾದ ಏನನ್ನೋ ಹೊರಹಾಕುತ್ತದೆ. ಹಣೆಯ ಗರಿಗಳು ಅದರಿಂದ ಗಂಟುಕಟ್ಟಿವೆ. ಹಿಕ್ಕೆ ತೆಳ್ಳಗಾಗಿದೆ, ಅದರಲ್ಲಿ ಇಡೀ ಕಾಳುಗಳು ಕಾಣುತ್ತಿವೆ.

ಮಿಂಚುವಿನಲ್ಲಿ ಇದಾವುದೂ ಇಲ್ಲ. ಪಕ್ಷಿಗಳನ್ನು ನೋಡುವ ಪಶುವೈದ್ಯರ ಬಳಿ ನಾಳೆಗೆ ಸಮಯ ಸಿಕ್ಕಿದೆ. ಅಲ್ಲಿಯವರೆಗೆ ಏನು ಮಾಡಲಿ? ಅವರ ಬಳಿ ಏನೇನು ಕೇಳಬೇಕು?

ಬಾನಾಡಿ:

ಹಸಿರುರೆಕ್ಕೆ ಅವರೇ, ಮೊದಲು ಬಿಸಿ, ಉಳಿದದ್ದೆಲ್ಲ ಆಮೇಲೆ. ಬಡ್ಜಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅಷ್ಟು ಪುಟ್ಟ ಮೈಯಲ್ಲಿ ಆ ಬಿಸಿಯನ್ನು ಕಾಪಾಡಿಕೊಳ್ಳುವುದಕ್ಕೇ ತಿಂದದ್ದರಲ್ಲಿ ದೊಡ್ಡ ಪಾಲು ಖರ್ಚಾಗುತ್ತದೆ. ಗರಿ ಕೆದರಿಕೊಂಡಿದೆ ಎಂದರೆ ಬಿಸಿ ಸಾಲುತ್ತಿಲ್ಲ ಎಂದು ಅದು ಹೇಳುತ್ತಿದೆ. ಚಿಕ್ಕ ಪಂಜರವೊಂದಕ್ಕೆ ಅದನ್ನು ಬದಲಿಸಿ, ಮೂರು ಬದಿಗೆ ಬಟ್ಟೆ ಹೊದಿಸಿ, ಒಂದು ಕೊನೆಯಲ್ಲಿ ಮಾತ್ರ ಬಿಸಿ ಕೊಡಿ. ಹಕ್ಕಿ ಕೂರುವ ಕಡ್ಡಿಯ ಎತ್ತರದಲ್ಲಿ ಉಷ್ಣಮಾಪಕ ಇಟ್ಟು, ಬಿಸಿ ಬದಿಯಲ್ಲಿ 29ರಿಂದ 30 ಡಿಗ್ರಿ ಇರುವಂತೆ ನೋಡಿಕೊಳ್ಳಿ. ಇನ್ನೊಂದು ಕೊನೆ ತಣ್ಣಗಿರಲಿ, ಬೇಕಾದಾಗ ಅತ್ತ ಸರಿಯುತ್ತದೆ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಬಾಯಿ ತೆರೆದು ಉಸಿರಾಡಿದರೆ ಬಿಸಿ ಹೆಚ್ಚಾಗಿದೆ ಎಂದು ಅರ್ಥ.

ಬಿಸಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಒಳ್ಳೆಯದು, ರಾತ್ರಿ ನಿದ್ದೆ ಕೆಡುವುದಿಲ್ಲ. ಯಾವುದನ್ನೇ ತಂದರೂ ಅದಕ್ಕೆ ಅಂಟದ ಪಾತ್ರೆಗಳಿಗೆ ಹಚ್ಚುವ ಟೆಫ್ಲಾನ್ ಜಾತಿಯ ಲೇಪನ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕೆಲವು ಬಿಸಿ ಬಲ್ಬುಗಳ ಮೇಲೆ ಆ ಲೇಪನ ಇರುತ್ತದೆ. ಅದು ಅತಿಯಾಗಿ ಕಾದಾಗ ಬರುವ ಹೊಗೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ.

ಎರಡನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಈಗಲೇ ತೂಗಿ ಬರೆದಿಡಿ. ನಾಳೆಯಿಂದ ದಿನವೂ ಬೆಳಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ಕಾಳು ಕೊಡುವ ಮುನ್ನ ತೂಗಬೇಕು. ಒಂದು ಗ್ರಾಂ ವ್ಯತ್ಯಾಸವನ್ನಾದರೂ ತೋರಿಸುವ ಯಂತ್ರ ಬೇಕು, 0.1 ಗ್ರಾಂ ತೋರಿಸುವುದಾದರೆ ಇನ್ನೂ ಒಳ್ಳೆಯದು. ಬಡ್ಜಿಯ ವಿಷಯದಲ್ಲಿ ನಾನು ಕಣ್ಣನ್ನು ನಂಬುವುದಿಲ್ಲ. ಬೇಟೆಗೆ ಸಿಗುವ ಹಕ್ಕಿಗಳ ಜಾತಿ ಅದು, ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವುದು ಅದರ ರಕ್ತದಲ್ಲಿದೆ. ಮನುಷ್ಯರು ಬಳಿ ಬಂದರೆ ಸಾಕು, ಗರಿ ಇಳಿಸಿ ನೆಟ್ಟಗೆ ಕುಳಿತು ಕಾಳು ಕುಕ್ಕುವಂತೆ ನಟಿಸುತ್ತದೆ. ಗರಿಯ ಕೆಳಗೆ ಮೈ ಎಷ್ಟು ಕರಗಿದೆ ಎಂಬುದು ಕಾಣುವುದೇ ಇಲ್ಲ. ತಕ್ಕಡಿಯ ಮುಂದೆ ಆ ನಟನೆ ನಡೆಯುವುದಿಲ್ಲ.

ಮೂರನೆಯದು ಬಟ್ಟಲು. ಬಡ್ಜಿ ಸಿಪ್ಪೆ ಸುಲಿದು ಒಳಗಿನ ತಿರುಳನ್ನಷ್ಟೇ ನುಂಗುತ್ತದೆ, ಸಿಪ್ಪೆ ಬಟ್ಟಲಲ್ಲೇ ಉಳಿದು ಮೇಲಿನಿಂದ ಕಾಳು ತುಂಬಿದಂತೆಯೇ ಕಾಣುತ್ತದೆ. ಊದಿ ನೋಡಿ. ಕಾಯಿಲೆಯ ಹಕ್ಕಿ ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ: ಇಡೀ ದಿನ ಕಾಳು ಸುಲಿಯುತ್ತದೆ, ಆದರೆ ನುಂಗದೆ ಪುಡಿ ಮಾಡಿ ಉದುರಿಸುತ್ತದೆ. ಬಟ್ಟಲಲ್ಲಿ ಸಿಪ್ಪೆಯ ಜೊತೆ ತಿರುಳಿನ ಚೂರುಗಳೂ ಬಿದ್ದಿವೆಯೇ ಎಂದು ಬೆರಳಾಡಿಸಿ ನೋಡಿ.

ಹಿಕ್ಕೆಯಲ್ಲಿ ಕಂಡ ಕಾಳಿಗೆ ಸಿಪ್ಪೆ ಇದೆಯೋ ಇಲ್ಲವೋ? ಇದು ಬಹಳ ಮುಖ್ಯ. ಸಿಪ್ಪೆ ಸಹಿತ ಇದ್ದರೆ ಅದು ಬಟ್ಟಲಿನಿಂದ ಬಿದ್ದ ಕಾಳು. ಸಿಪ್ಪೆ ಇಲ್ಲದ ಇಡೀ ಕಾಳು ಹಿಕ್ಕೆಯೊಳಗೇ ಅಂಟಿಕೊಂಡಿದ್ದರೆ ಅದು ಹೊಟ್ಟೆಯೊಳಗಿನಿಂದ ಜೀರ್ಣವಾಗದೆ ಬಂದದ್ದು. ಬಟ್ಟಲಿನಿಂದ ದೂರದ ಕಡ್ಡಿಯ ಕೆಳಗೆ ಬಿಳಿ ಕಾಗದ ಹಾಸಿದರೆ ಸಂಶಯ ಉಳಿಯುವುದಿಲ್ಲ.

ಕಾಳುತೆನೆ:

ನಾಳೆಯವರೆಗೆ ಕಾಯುವ ಬದಲು ಮನುಷ್ಯರಿಗೆ ಕೊಡುವ ಆ್ಯಂಟಿಬಯಾಟಿಕ್ ಒಂದು ಚಿಟಿಕೆ ಕುಡಿಯುವ ನೀರಿಗೆ ಬೆರೆಸಿದರೆ ಆಗುವುದಿಲ್ಲವೇ? ಹಾಗೆ ಮಾಡುವವರನ್ನು ನೋಡಿದ್ದೇನೆ.

ಬಾನಾಡಿ:

ದಯವಿಟ್ಟು ಬೇಡ. ಬಡ್ಜಿ ಆಸ್ಟ್ರೇಲಿಯಾದ ಒಣಭೂಮಿಯ ಹಕ್ಕಿ, ಅಷ್ಟಕ್ಕಷ್ಟೇ ನೀರು ಕುಡಿಯುತ್ತದೆ. ನೀರಿನ ರುಚಿ ಕೆಟ್ಟರೆ ಅದನ್ನೂ ಬಿಡುತ್ತದೆ. ಔಷಧಿ ಎಷ್ಟು ಒಳಗೆ ಹೋಯಿತೆಂದು ಲೆಕ್ಕ ಇರುವುದಿಲ್ಲ, ಮೇಲಾಗಿ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಲಕ್ಷಣಗಳನ್ನು ಕಂಡರೆ ನನಗೆ ಮೊದಲು ಸಂಶಯ ಬರುವುದು ಮ್ಯಾಕ್ರೊರ‍್ಯಾಬ್ಡಸ್ ಮೇಲೆ. ಸಾಕುವವರು ಇದನ್ನು ಮೆಗಾಬ್ಯಾಕ್ಟೀರಿಯಾ ಎಂದೇ ಕರೆಯುತ್ತಾರೆ, ಆದರೆ ಇದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್ ಜಾತಿಯ ಶಿಲೀಂಧ್ರ. 2003ರಲ್ಲಿ ಇದು ಸ್ಪಷ್ಟವಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇದನ್ನು ಮುಟ್ಟುವುದಿಲ್ಲ. ಹಕ್ಕಿಯ ಜಠರದ ಎರಡು ಭಾಗಗಳು, ಅಂದರೆ ರಸ ಸುರಿಸುವ ಭಾಗ ಮತ್ತು ಕಾಳು ಅರೆಯುವ ಭಾಗ, ಸೇರುವ ಜಾಗದಲ್ಲಿ ಅದು ಬೀಡುಬಿಡುತ್ತದೆ. ಅರೆಯುವ ಕೆಲಸ ಕೆಡುತ್ತದೆ, ಕಾಳು ಹಾಗೆಯೇ ಹೊರಬೀಳುತ್ತದೆ, ಹಸಿವು ಇಂಗದ ಹಕ್ಕಿ ಮತ್ತೆ ಬಟ್ಟಲಿಗೆ ಬರುತ್ತದೆ. ತಿನ್ನುತ್ತಲೇ ಸೊರಗುವುದು ಹೀಗೆ.

ಆದರೆ ಇದು ಬರೀ ಸಂಶಯ. ನುಂಗಿದ ಕಾಳು ಮೊದಲು ಸೇರುವ ಗಂಟಲಚೀಲದಲ್ಲಿ ಟ್ರೈಕೊಮೊನಾಸ್ ಎಂಬ ಪರೋಪಜೀವಿ ಇದ್ದರೂ ವಾಂತಿ, ಅಂಟಿದ ಹಣೆಗರಿ ಕಾಣುತ್ತವೆ. ಪಂಜರದ ಕಲಾಯಿ ಲೇಪನವನ್ನು ಕಡಿದು ಸತುವು ಒಳಗೆ ಸೇರಿದ್ದರೂ ಜೀರ್ಣ ಕೆಡುತ್ತದೆ. ಆದ್ದರಿಂದ ವೈದ್ಯರಿಗೆ ಹೇಳಬೇಕಾದದ್ದು: ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟಲಚೀಲದ ದ್ರವವನ್ನೂ ನೋಡಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆಯಿರಿ. ಹೊರಡುವ ಮುನ್ನ ಬಿದ್ದ ಹಿಕ್ಕೆಯನ್ನು ಒಣಗಲು ಬಿಡದೆ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿ ಒಯ್ಯಿರಿ. ಮಿಂಚುವಿನದನ್ನೂ ಬೇರೆಯಾಗಿ ಒಯ್ಯಿರಿ. ಈ ಶಿಲೀಂಧ್ರ ಹಿಕ್ಕೆಯಲ್ಲಿ ದಿನವೂ ಬರುವುದಿಲ್ಲ, ಹಾಗಾಗಿ ಒಂದು ಸಲ ಕಾಣಲಿಲ್ಲವೆಂದರೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ.

ಪಂಜರದಾಚೆ:

ಒಂದು ಮಾತು ಸೇರಿಸುತ್ತೇನೆ. ಹೊಟ್ಟೆಯಲ್ಲಿ ಕಾಳು ಅರೆಯಲು ನೆರವಾಗಲೆಂದು ಇಡುವ ಜಲ್ಲಿಪುಡಿಯ ಬಟ್ಟಲು ಇದ್ದರೆ ತೆಗೆದುಬಿಡಿ. ಸಿಪ್ಪೆ ಸುಲಿದು ತಿನ್ನುವ ಬಡ್ಜಿಗೆ ಅದರ ಅಗತ್ಯವೇ ಇಲ್ಲ, ಹೊಟ್ಟೆ ಕೆಟ್ಟ ಹಕ್ಕಿ ಅದನ್ನು ವಿಪರೀತ ತಿಂದು ಕರುಳು ಕಟ್ಟಿಕೊಳ್ಳುತ್ತದೆ. ಹಾಲನ್ನೂ ಕೊಡಬೇಡಿ, ಹಕ್ಕಿಗಳಿಗೆ ಅದು ಜೀರ್ಣವಾಗುವುದಿಲ್ಲ. ಅದು ಇಷ್ಟಪಡುವ ನವಣೆ ತೆನೆಯನ್ನು ಕೂತಲ್ಲಿಗೇ ಎಟುಕುವಂತೆ ಕಟ್ಟಿ. ಕಡ್ಡಿಗಳನ್ನೂ ನೆಲದ ಹತ್ತಿರಕ್ಕೆ ಇಳಿಸಿ.

ಹಸಿರುರೆಕ್ಕೆ:

ವೈದ್ಯರಿಂದ ಬಂದೆವು. ಬಾನಾಡಿ ಅವರ ಸಂಶಯವೇ ನಿಜವಾಯಿತು. ಹಿಕ್ಕೆಯಲ್ಲಿ ಉದ್ದನೆಯ ಕಡ್ಡಿಯಂಥ ಜೀವಿಗಳು ರಾಶಿರಾಶಿ ಇದ್ದವು, ವೈದ್ಯರು ನನಗೂ ತೋರಿಸಿದರು. ಮಿಂಚುವಿನ ಹಿಕ್ಕೆಯಲ್ಲೂ ಕೆಲವು ಕಂಡವು, ಅದರ ತೂಕ ಮಾತ್ರ ಸರಿಯಾಗಿದೆ. ಗಂಟಲಚೀಲ ಶುದ್ಧ. ಚಿಗುರು ಈಗ 27 ಗ್ರಾಂ ಇದೆ. ಹಿಂದೊಮ್ಮೆ ಉಗುರು ಕತ್ತರಿಸಲು ಒಯ್ದಿದ್ದಾಗ 36 ಎಂದು ಅವರ ದಾಖಲೆಯಲ್ಲಿದೆ.

ಎರಡಕ್ಕೂ ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರನಾಶಕ ದ್ರಾವಣವನ್ನು ದಿನಕ್ಕೆರಡು ಸಲ ನೇರವಾಗಿ ಬಾಯಿಗೆ ಕೊಡಬೇಕು. ಹಲವು ವಾರ ಬೇಕಾಗುತ್ತದೆ ಎಂದಿದ್ದಾರೆ. ತೊಂದರೆ ಇರುವುದು ಇಲ್ಲೇ. ಚಿಗುರು ಕೈಗೆ ಸಿಗದಂತೆ ಒದ್ದಾಡುತ್ತದೆ, ಸಿಕ್ಕರೆ ತಲೆ ಕೊಡವಿ ಅರ್ಧ ಔಷಧಿಯನ್ನು ಚೆಲ್ಲುತ್ತದೆ. ಇಷ್ಟು ನಿತ್ರಾಣವಾಗಿರುವಾಗ ಹಿಡಿಯುವ ಗಾಬರಿಗೇ ಏನಾದರೂ ಆದೀತೆಂದು ಭಯವಾಗುತ್ತಿದೆ.

ಪಂಜರದಾಚೆ:

ಭಯ ಸಹಜ, ಆದರೆ ಸಲೀಸಾಗಿ ಮಾಡಬಹುದು. ನಾನು ಮಾಡುವ ಕ್ರಮ ಹೇಳುತ್ತೇನೆ.

ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಕೊಳ್ಳಿ. ಸೀಸೆಯನ್ನು ಚೆನ್ನಾಗಿ ಅಲುಗಾಡಿಸಿ, ಸೂಜಿ ಇಲ್ಲದ ಅತಿ ಚಿಕ್ಕ ಸಿರಿಂಜಿಗೆ ವೈದ್ಯರು ಹೇಳಿದ ಗೆರೆಯವರೆಗೆ ಎಳೆದು ಪಕ್ಕದಲ್ಲಿಡಿ. ಪಂಜರದಿಂದ ಕಡ್ಡಿ, ಆಟಿಕೆಗಳನ್ನು ತೆಗೆದು ಕೋಣೆಯ ದೀಪ ಆರಿಸಿ. ಕತ್ತಲಲ್ಲಿ ಬಡ್ಜಿ ಸಾಮಾನ್ಯವಾಗಿ ಹಾರುವುದಿಲ್ಲ, ಓಡಿಸಿ ಓಡಿಸಿ ಹಿಡಿಯುವ ಗಲಾಟೆ ತಪ್ಪುತ್ತದೆ. ತೆಳುವಾದ ಬಟ್ಟೆಯೊಂದಿಗೆ ಬೆನ್ನಿನ ಕಡೆಯಿಂದ ಹಿಡಿದು, ತೋರುಬೆರಳು ಮತ್ತು ಹೆಬ್ಬೆರಳು ಕೆನ್ನೆಯ ಎರಡೂ ಬದಿಗೆ ಬರುವಂತೆ ತಲೆಯನ್ನು ನಿಲ್ಲಿಸಿ. ಉಳಿದ ಬೆರಳುಗಳು ಮೈಯನ್ನು ಸುತ್ತುವರಿಯಲಿ, ಅಮುಕಬಾರದು. ಹಕ್ಕಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುಪರದೆ) ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಚಲಿಸಿದರೆ ಮಾತ್ರ ಉಸಿರಾಟ. ಎದೆಯನ್ನು ಒತ್ತಿದರೆ ಮೂಗು, ಬಾಯಿ ತೆರೆದಿದ್ದರೂ ಅದು ಉಸಿರುಕಟ್ಟಿ ಸಾಯುತ್ತದೆ.

ಹಕ್ಕಿಯನ್ನು ಅಂಗಾತ ಮಲಗಿಸಬೇಡಿ, ನೆಟ್ಟಗೆ ಹಿಡಿಯಿರಿ. ಅದರ ಎಡಬದಿಯಿಂದ ಕೊಕ್ಕಿನ ಅಂಚಿಗೆ ಸಿರಿಂಜಿನ ತುದಿ ತಾಗಿಸಿ, ಒಂದು ಹನಿ ಬಿಡಿ. ನಾಲಿಗೆ ಆಡಿಸಿ ನುಂಗುವುದು ಕಾಣುತ್ತದೆ. ಅದು ನುಂಗಿದ ಮೇಲೆ ಮುಂದಿನ ಹನಿ. ಒಮ್ಮೆಲೇ ಒತ್ತಿದರೆ ಉಸಿರ್ನಾಳಕ್ಕೆ ಹೋಗುತ್ತದೆ, ಅದಕ್ಕಿಂತ ಚೆಲ್ಲಿದರೂ ವಾಸಿ. ಈ ಔಷಧಿ ಕರುಳಿನಿಂದ ರಕ್ತಕ್ಕೆ ಹೆಚ್ಚು ಸೇರುವುದಿಲ್ಲ, ಶಿಲೀಂಧ್ರವನ್ನು ನೇರವಾಗಿ ತಾಗಿಯೇ ಕೊಲ್ಲಬೇಕು. ನೀರಿಗೆ ಬೆರೆಸದೆ ಬಾಯಿಗೇ ಕೊಡಲು ಹೇಳಿರುವುದು ಅದಕ್ಕಾಗಿಯೇ. ಚೆಲ್ಲಿಹೋದದ್ದಕ್ಕೆ ನೀವೇ ಅಂದಾಜಿನಲ್ಲಿ ಮತ್ತೆ ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ ಕೇಳಿ.

ಮಧ್ಯದಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ಬಿಟ್ಟು ಬಿಸಿ ಪಂಜರಕ್ಕೆ ಸೇರಿಸಿ. ಕುಳಿತಾಗ ಬಾಲ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಕುಣಿಯುತ್ತಲೇ ಇದ್ದರೆ ವೈದ್ಯರಿಗೆ ತಿಳಿಸಬೇಕು. ಕೊಟ್ಟಾದ ಮೇಲೆ ತೆನೆಯ ಒಂದು ಚೂರು ಕೈಯಿಂದಲೇ ನೀಡಿ.

ಕಾಳುತೆನೆ:

ನೀರಿಗೆ ಆ್ಯಪಲ್ ವಿನೆಗರ್ ಹಾಕಿದರೆ ಈ ಶಿಲೀಂಧ್ರ ಸಾಯುತ್ತದೆ ಎನ್ನುತ್ತಾರಲ್ಲ? ಮತ್ತೆ, ಎರಡನ್ನೂ ಬೇರೆ ಇಟ್ಟರೆ ಒಂಟಿತನಕ್ಕೇ ಸೊರಗುವುದಿಲ್ಲವೇ?

ಬಾನಾಡಿ:

ವಿನೆಗರ್ ಬಗ್ಗೆ ನನ್ನ ಮಾತು ಖಡಾಖಂಡಿತ: ಅದು ಔಷಧಿಗೆ ಬದಲಿ ಅಲ್ಲ. 27 ಗ್ರಾಂಗೆ ಇಳಿದ ಹಕ್ಕಿಯ ನೀರಿನ ರುಚಿ ಕೆಡಿಸುವ ಪ್ರಯೋಗಕ್ಕೆ ಇದು ಸಮಯವಲ್ಲ.

ಬೇರೆ ಇಡಲೇಬೇಕು, ಆದರೆ ಎದುರುಬದುರು ಇಡಿ. ಒಂದರ ದನಿ ಇನ್ನೊಂದಕ್ಕೆ ಕೇಳಿಸಲಿ, ಮುಖ ಕಾಣಿಸಲಿ. ಜೋಡಿ ಬಡ್ಜಿಗಳು ಒಂದಕ್ಕೊಂದು ಕಕ್ಕಿ ಉಣಿಸುತ್ತವೆ, ಒಂದರ ಹಿಕ್ಕೆ ಇನ್ನೊಂದರ ಬಟ್ಟಲಿಗೆ ಬೀಳುತ್ತದೆ, ಹರಡುವುದು ಹಾಗೆ. ಬೇರೆ ಇದ್ದರೆ ಯಾವುದು ಎಷ್ಟು ತಿಂದಿತು, ಯಾವ ಹಿಕ್ಕೆ ಯಾರದು ಎಂಬುದೂ ತಿಳಿಯುತ್ತದೆ. ತಳದ ಕಾಗದವನ್ನು ದಿನವೂ ಬದಲಿಸಿ, ಬಟ್ಟಲುಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ. ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಒರೆಸಿ. ಮ್ಯಾಕ್ರೊರ‍್ಯಾಬ್ಡಸ್ ಮನುಷ್ಯರಿಗೆ ಅಂಟುವ ಕಾಯಿಲೆಯೆಂದು ಕಂಡುಬಂದಿಲ್ಲ. ಆದರೆ ಗಿಳಿಜಾತಿಯ ಹಕ್ಕಿಗಳಿಂದ ಸಿಟ್ಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ನಮಗೆ ಬರಬಹುದು, ಅದು ಆ ಧೂಳಿನಿಂದಲೇ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ಹಕ್ಕಿ ಸಾಕಿರುವ ವಿಷಯವನ್ನು ವೈದ್ಯರಿಗೆ ಹೇಳಿ.

ಹಸಿರುರೆಕ್ಕೆ:

ದೀಪ ಆರಿಸಿ ಹಿಡಿಯುವ ಉಪಾಯ ಬಹಳ ಸಹಾಯವಾಯಿತು, ಪಂಜರದಾಚೆ ಅವರೇ. ಈಗ ಔಷಧಿ ಚೆಲ್ಲುವುದಿಲ್ಲ. ಮೊದಲು ತೂಕ ಇನ್ನಷ್ಟು ಇಳಿದು ನಮ್ಮೆಲ್ಲರ ಎದೆ ಒಡೆದಿತ್ತು. ಆಮೇಲೆ ಇಳಿಯುವುದು ನಿಂತಿತು, ಅಲ್ಲಿಂದ ನಿಧಾನವಾಗಿ ಏರಿ ಈಗ 31. ವಾಂತಿ ನಿಂತಿದೆ. ಹಿಕ್ಕೆಯಲ್ಲಿ ಕಪ್ಪುಹಸಿರು ಸುರುಳಿ, ಅದರ ಮೇಲೆ ಬಿಳಿ ಸುಣ್ಣದ ಭಾಗ, ಸುತ್ತ ಒಂದಿಷ್ಟು ನೀರು. ಮೂರೂ ಬೇರೆಬೇರೆಯಾಗಿ ಕಾಣುತ್ತಿವೆ. ಮೊನ್ನೆ ಬೆಳಗ್ಗೆ ಮಿಂಚು ಕೂಗಿದಾಗ ಚಿಗುರು ಗುಣುಗುಟ್ಟಿತು. ಮನೆಮಂದಿಯೆಲ್ಲ ಕೆಲಸ ಬಿಟ್ಟು ಪಂಜರದ ಹತ್ತಿರ ಬಂದೆವು.

ಇನ್ನೆರಡು ಪ್ರಶ್ನೆಗಳು. ಇಷ್ಟು ಗೆಲುವಾಗಿರುವಾಗ ಔಷಧಿಯ ಅವಧಿ ಪೂರ್ತಿ ಮುಗಿಸಲೇಬೇಕೆ? ಬರೀ ಕಾಳಿನ ಬದಲು ಗುಳಿಗೆಯಂತೆ ತಯಾರಿಸಿದ ಪೆಲೆಟ್ ಆಹಾರಕ್ಕೆ ಈಗಲೇ ಬದಲಾಯಿಸಬಹುದೇ?

ಬಾನಾಡಿ:

ಓದಿ ತುಂಬ ಸಂತೋಷವಾಯಿತು. ಔಷಧಿ ಪೂರ್ತಿ ಮುಗಿಸಲೇಬೇಕು. ಈ ಕಾಯಿಲೆ ಮರುಕಳಿಸುವುದಕ್ಕೆ ಹೆಸರಾದದ್ದು. ಅರ್ಧಕ್ಕೆ ಬಿಟ್ಟರೆ ಉಳಿದವು ಮತ್ತೆ ಬೆಳೆಯುತ್ತವೆ, ಎರಡನೆಯ ಸಲ ಹಕ್ಕಿಗೆ ತಡೆದುಕೊಳ್ಳುವ ಶಕ್ತಿ ಇನ್ನೂ ಕಡಿಮೆ ಇರುತ್ತದೆ. ಮುಗಿದ ಮೇಲೆ ಎರಡೂ ಹಕ್ಕಿಗಳ ಹಿಕ್ಕೆಯನ್ನು ಬೇರೆಬೇರೆ ದಿನಗಳಲ್ಲಿ ಸಂಗ್ರಹಿಸಿ ಮತ್ತೆ ಪರೀಕ್ಷೆ ಮಾಡಿಸಿ. ಎರಡರಲ್ಲೂ ಏನೂ ಕಾಣದಿದ್ದರೆ ಮಾತ್ರ ಒಟ್ಟಿಗೆ ಬಿಡಿ.

ಪೆಲೆಟ್ ಈಗ ಬೇಡ. ಪರಿಚಯವಿಲ್ಲದ ಆಹಾರವನ್ನು ಬಡ್ಜಿ ಆಹಾರವೆಂದೇ ಗುರುತಿಸದೆ ಬಟ್ಟಲ ಮುಂದೆ ಉಪವಾಸ ಕೂರಬಲ್ಲದು. ತನ್ನ ಹಳೆಯ ತೂಕಕ್ಕೆ ಬಂದು, ಅಲ್ಲೇ ಕೆಲವು ವಾರ ನಿಂತ ಮೇಲೆ ಸ್ವಲ್ಪಸ್ವಲ್ಪವಾಗಿ ಬದಲಿಸಿ, ಆಗಲೂ ದಿನವೂ ತೂಗುತ್ತ. ಬದಲಾವಣೆ ಬೇಕೇಬೇಕು, ಬರೀ ಕಾಳಿನಲ್ಲಿ ಎ ಜೀವಸತ್ವವೂ ಅಯೋಡಿನ್ ಕೂಡ ಸಾಲುವುದಿಲ್ಲ. ಸದ್ಯಕ್ಕೆ ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪು, ತುರಿದ ಕ್ಯಾರೆಟ್ ಪಕ್ಕದಲ್ಲಿಡಿ, ತಿಂದರೆ ತಿನ್ನಲಿ. ಆವಕಾಡೊ, ಚಾಕೊಲೇಟ್ ಎಂದಿಗೂ ಬೇಡ.

ಬಿಸಿಯನ್ನು ಒಮ್ಮೆಲೇ ತೆಗೆಯಬೇಡಿ, ದಿನಕ್ಕೆ ಒಂದೊಂದು ಡಿಗ್ರಿ ಇಳಿಸಿ, ಗರಿ ಕೆದರಿಕೊಂಡರೆ ಹಿಂದಿನ ಡಿಗ್ರಿಗೆ ಮರಳಿ. ತೂಕದ ಪಟ್ಟಿಯನ್ನು ಚಿಗುರು ಗುಣವಾದ ಮೇಲೂ ವಾರಕ್ಕೊಮ್ಮೆಯಾದರೂ ಮುಂದುವರಿಸಿ. 36ರ ಹಕ್ಕಿ ಎಂದಾದರೂ 33ರ ಕೆಳಗೆ ಬಂದರೆ, ಅದು ಎಷ್ಟೇ ಹಾಡುತ್ತಿರಲಿ, ಅದೇ ದಿನ ಹಿಕ್ಕೆಯ ಮಾದರಿ ಹಿಡಿದು ವೈದ್ಯರ ಬಳಿ ಹೋಗಿ.