ಕಚೇರಿ ನೌಕರರ ಹೃದಯ ಆರೋಗ್ಯ ಕೋಚಿಂಗ್‌ಗೆ ಗಂಡ/ಹೆಂಡತಿಯನ್ನು ಸೇರಿಸುವುದು ಹೇಗೆ?

ಪ್ರಶ್ನೆ: ವೆಲ್‌ನೆಸ್_ವೈಟ್‌ಫೀಲ್ಡ್

ಬಿಪಿ, ಕೊಲೆಸ್ಟ್ರಾಲ್ ಹೆಚ್ಚಿರುವ ನೌಕರರಿಗೆ 12 ವಾರಗಳ ಕೋಚಿಂಗ್ ಶುರು ಮಾಡುತ್ತಿದ್ದೇವೆ. ಹೆಚ್ಚಿನವರು 35ರಿಂದ 50 ವಯಸ್ಸಿನವರು. ಮನೆಯವರನ್ನು ಎಷ್ಟು ಸಲ ಕರೆಯಬೇಕು? ಅವರಿಗೆ ಏನು ಹೇಳಿಕೊಡಬೇಕು? ನೌಕರರ ರಿಪೋರ್ಟ್ ಅವರಿಗೆ ತೋರಿಸಬಹುದೇ?

ಉತ್ತರ 1: ಹೃದಯಕೋಚ್

ಹನ್ನೆರಡು ವಾರವೂ ಬೇಡ. 1, 4, 8 ಮತ್ತು 12ನೇ ವಾರ ಕರೆದರೆ ಸಾಕು, ಒಂದೊಂದು 40 ನಿಮಿಷ. ಮೊದಲನೆಯದು ಎದುರಾಬದುರು ಕೂತು, ಉಳಿದವು ವಿಡಿಯೊ ಕಾಲ್‌ನಲ್ಲಿ. ಶನಿವಾರ ಬೆಳಿಗ್ಗೆ ಅಥವಾ ರಾತ್ರಿ 8.30ರ ಮೇಲೆ ಇಡಿ. ವಾರದ ದಿನ ಮಧ್ಯಾಹ್ನ ಇಟ್ಟರೆ ಕೆಲಸಕ್ಕೆ ಹೋಗುವವರು ಬರುವುದೇ ಇಲ್ಲ.

ಮೊದಲ ದಿನವೇ ಇಬ್ಬರದ್ದೂ ಬಿಪಿ ಮತ್ತು ಸೊಂಟದ ಸುತ್ತಳತೆ ನೋಡಿ (ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ). ಅಡುಗೆಯೂ ಊಟದ ಹೊತ್ತೂ ಒಂದೇ ಆದಾಗ ಅಪಾಯವೂ ಬಹುಮಟ್ಟಿಗೆ ಇಬ್ಬರದ್ದೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹೃದ್ರೋಗಿಗಳ ಇಡೀ ಕುಟುಂಬವನ್ನೇ ಹಿಡಿದು ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರೋಗ್ಯ ಕಾರ್ಯಕರ್ತರು ಎರಡು ವರ್ಷ ಬೆನ್ನು ಹಿಡಿದ ಮನೆಗಳಲ್ಲಿ ಒಟ್ಟಾರೆ ಫಲ ಚೆನ್ನಾಗಿತ್ತು.

ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಮನೆಯವರನ್ನು ಕಾವಲಿಗೆ ಕೂರಿಸುವುದು. ‘ಬೋಂಡಾ ಯಾಕೆ ತಿಂದ್ರಿ’ ಅನ್ನುವುದು ಶುರುವಾದರೆ ಆಸಾಮಿ ಕ್ಯಾಂಟೀನಿನಲ್ಲಿ ಕದ್ದು ತಿನ್ನುತ್ತಾರೆ, ನಿಮಗೂ ಸುಳ್ಳು ಲೆಕ್ಕ ಕೊಡುತ್ತಾರೆ. ಬದಲಿಗೆ, ‘ಈ ವಾರ ನನ್ನಿಂದ ಏನು ಸಹಾಯ ಬೇಕು?’ ಎಂದು ಇಬ್ಬರೂ ಪರಸ್ಪರ ಕೇಳುವುದನ್ನು ಸೆಷನ್‌ನಲ್ಲೇ ಅಭ್ಯಾಸ ಮಾಡಿಸಿ. ಎರಡು ವಾರಕ್ಕೆ ಒಂದೇ ಬದಲಾವಣೆ, ಸಮಯ ಗೊತ್ತುಮಾಡಿ: ಊಟವಾದ ಮೇಲೆ 9.15ಕ್ಕೆ ಇಬ್ಬರೂ 20 ನಿಮಿಷ ನಡಿಗೆ, ಹಾಗೆ.

ಉತ್ತರ 2: ಆಹಾರತಜ್ಞೆ_ಮೈಸೂರು

ಹೆಂಡತಿಯೇ ಅಡುಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಅತ್ತೆಯೋ ಅಡುಗೆಯವರೋ ಮಾಡುವುದಾದರೆ ಒಂದು ಸೆಷನ್‌ಗೆ ಅವರೇ ಬರಲಿ, ಇಲ್ಲದಿದ್ದರೆ ನೀವು ಹೇಳಿದ್ದು ಒಲೆಯವರೆಗೆ ತಲುಪುವುದಿಲ್ಲ.

ಅಳತೆ ಸುಲಭ ಮಾಡಿ. ಉಪ್ಪಿನ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ತಲೆಗೆ ದಿನಕ್ಕೆ 5 ಗ್ರಾಂ ಮಿತಿ ಅಂದರೆ ನಾಲ್ವರು ದೊಡ್ಡವರಿಗೆ 1 ಕೆ.ಜಿ. ಕನಿಷ್ಠ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಹೋಟೆಲ್ ಊಟದ ಉಪ್ಪು ಈ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಇನ್ನೂ ಹೆಚ್ಚು ದಿನ ಬರಬೇಕು. ಮೊದಲು ಅನ್ನಕ್ಕೆ ಮತ್ತು ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಡಿಸಿ. ಸಾರು, ಪಲ್ಯದಲ್ಲಿ ಕಾಲು ಭಾಗ ಕಡಿಮೆ ಮಾಡಿ, ನಿಂಬೆಹುಳಿ ಅಥವಾ ಒಗ್ಗರಣೆಯಿಂದ ರುಚಿ ಸರಿದೂಗಿಸಿ. ಒಂದೇ ದಿನ ಅರ್ಧಕ್ಕಿಳಿಸಿದರೆ ಮಕ್ಕಳು ತಟ್ಟೆ ತಳ್ಳುತ್ತಾರೆ, ಅಲ್ಲಿಗೆ ಪ್ರಯತ್ನವೇ ನಿಲ್ಲುತ್ತದೆ.

‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್, ದಿನಕ್ಕೆ ಹೆಚ್ಚೂಕಡಿಮೆ 3 ಟೀ ಚಮಚ.

ವೆಲ್‌ನೆಸ್_ವೈಟ್‌ಫೀಲ್ಡ್

ಇಬ್ಬರಿಗೂ ಧನ್ಯವಾದ. ಪಿಜಿಯಲ್ಲಿ ಒಬ್ಬರೇ ಇರುವವರನ್ನು ಏನು ಮಾಡುವುದು? ರಿಪೋರ್ಟ್ ವಿಷಯವೂ ಉಳಿಯಿತು.

ಉತ್ತರ 3: ಫಿಸಿಷಿಯನ್_ಹುಬ್ಬಳ್ಳಿ

ರಿಪೋರ್ಟ್ ನೌಕರರ ಲಿಖಿತ ಒಪ್ಪಿಗೆ ಇಲ್ಲದೆ ಗಂಡ/ಹೆಂಡತಿಗೂ ಹೋಗಬಾರದು. ಸಂಗಾತಿಯ ಅಂಕಿಗಳು ಎಚ್‌ಆರ್‌ಗೆ ಯಾವ ಕಾರಣಕ್ಕೂ ಬರಬಾರದು, ಕೋಚ್ ಬಳಿಯೇ ಇರಲಿ. ಮನೆಯವರು ಬರುವುದು ಬೇಡ ಎಂದು ನೌಕರರು ಹೇಳಿದರೆ ಕಾರಣ ಕೇಳಬೇಡಿ. ಒಬ್ಬರೇ ಇರುವವರು ಅಣ್ಣ, ಅಕ್ಕ, ರೂಮ್‌ಮೇಟ್ ಯಾರನ್ನಾದರೂ ಆರಿಸಿಕೊಳ್ಳಲಿ.

ಬಿಪಿ ಅಳೆಯುವುದನ್ನು ಇಬ್ಬರಿಗೂ ಕಲಿಸಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು ಇಲ್ಲ. ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಕಫ್ (ಬಿಪಿ ಯಂತ್ರದ ಪಟ್ಟಿ) ಬರಿ ತೋಳಿಗೆ, ಎದೆಯ ಮಟ್ಟದಲ್ಲಿ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತು ಬೇಡ, ಜೊತೆಗಿರುವವರೂ ಮಾತಾಡಿಸಬಾರದು. ಬೆಳಿಗ್ಗೆ, ಸಂಜೆ ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ, 7 ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಡಾಕ್ಟರನ್ನು ಕಾಣಲಿ.

12ನೇ ವಾರದವರೆಗೆ ಕಾಯದೆ ಮೊದಲ ಸೆಷನ್‌ನಲ್ಲೇ ಇನ್ನೊಂದು ಹೇಳಿ. ಎದೆ ಹಿಂಡಿದಂತಾಗಿ, ತೋಳು ಅಥವಾ ದವಡೆಗೆ ನೋವು ಹರಿದು, ಬೆವರು ಬಂದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಸಿ ಕೂರಬಾರದು. ಅವರೇ ಗಾಡಿ ಓಡಿಸಿಕೊಂಡು ಹೋಗಲೂಬಾರದು. 108ಕ್ಕೆ ಕರೆ ಮಾಡಿ. 24 ಗಂಟೆಯೂ ಆಂಜಿಯೊಪ್ಲಾಸ್ಟಿ (ಹೃದಯದ ಕಟ್ಟಿದ ರಕ್ತನಾಳ ತೆರೆಯುವ ಚಿಕಿತ್ಸೆ) ಮಾಡುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಇಬ್ಬರ ಫೋನಿನಲ್ಲೂ ಈಗಲೇ ಸೇವ್ ಮಾಡಿಸಿ.