ಒಂದು ರಾತ್ರಿಯ ಸೈಕಲ್ ಕ್ಯಾಂಪಿಂಗ್‌ಗೆ 13 ಕೆ.ಜಿ. ಸಾಮಾನು: ಎಲ್ಲಿ ಕಡಿಮೆ ಮಾಡಲಿ?

ಹೈಬ್ರಿಡ್_ವಿಜಯನಗರ

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ ಬೆಂಗಳೂರಿನ ವಿಜಯನಗರದಿಂದ ಹೊರಟು 40–60 ಕಿ.ಮೀ. ಆಚೆ ಒಂದು ರಾತ್ರಿ ಮಲಗಿ, ಭಾನುವಾರ ಊಟದ ಹೊತ್ತಿಗೆ ಮನೆ ಸೇರುವ ಲೆಕ್ಕ. ಮಂಚನಬೆಲೆ, ಮಾಗಡಿ, ರಾಮನಗರದ ಕಡೆ. ಡಿಸೆಂಬರ್–ಜನವರಿಯಲ್ಲಿ ಶುರು ಮಾಡಬೇಕು ಅಂತಿದೆ. ಅಲ್ಯೂಮಿನಿಯಂ ಹೈಬ್ರಿಡ್ ಸೈಕಲ್, 700×38 ಟೈರ್ (38 ಎಂಎಂ ಅಗಲದ್ದು), ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಹಿಂದೆ ಕ್ಯಾರಿಯರ್ ಕೂರಿಸಲು ತೂತುಗಳಿವೆ.

ನೀರು ಬಿಟ್ಟು ತೂಗಿದರೆ ಹೀಗಿದೆ: ಇಬ್ಬರ ಟೆಂಟ್ 2.6 ಕೆ.ಜಿ., ಸ್ಲೀಪಿಂಗ್ ಬ್ಯಾಗ್ 1.6, ಮ್ಯಾಟ್ 0.5, ಗ್ಯಾಸ್ ಸ್ಟವ್ ಮತ್ತು ಪಾತ್ರೆ 1.3, ಬಟ್ಟೆ 2.4, ಅಕ್ಕಿ–ಬೇಳೆ–ತಿಂಡಿ 1.8, ಟೂಲ್ಸ್ 1.1, ಲೈಟು ಮತ್ತು ಪವರ್ ಬ್ಯಾಂಕ್ 0.7, ಬೆನ್ನಿನ ಬ್ಯಾಗ್ 1. ಒಟ್ಟು 13.

ಏನು ಬಿಡಬಹುದು? ಕ್ಯಾರಿಯರ್ ಹಾಕಿಸಲೋ, ಸೀಟಿನ ಹಿಂದೆ ಕಟ್ಟುವ ಉದ್ದ ಬ್ಯಾಗ್ ತಗೊಳ್ಳಲೋ?

ಕೆರೆಏರಿ

ಮೊದಲು ಮಲಗುವ ಜಾಗ ಗೊತ್ತು ಮಾಡಿಕೊಳ್ಳಿ, ಸಾಮಾನು ಆಮೇಲೆ. ಎಲ್ಲಿ ಮಲಗುತ್ತೇವೆ ಅಂತ ಗೊತ್ತಿಲ್ಲದಿದ್ದಾಗಲೇ ಎಲ್ಲದಕ್ಕೂ ಒಂದೊಂದು ವಸ್ತು ಬ್ಯಾಗಿಗೆ ಸೇರುವುದು. ಸಾವನದುರ್ಗದ ಸುತ್ತಮುತ್ತ ಅರಣ್ಯ ಇಲಾಖೆಯ ಜಾಗ, ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಮಾಗಡಿ–ರಾಮನಗರದ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ಬನ್ನೇರುಘಟ್ಟ–ಕನಕಪುರದ ಕಾಡಂಚಿನಲ್ಲಿ ಆನೆ ಓಡಾಡುತ್ತವೆ, ಅಲ್ಲಿ ಬಯಲಲ್ಲಿ ಮಲಗುವ ಮಾತೇ ಬೇಡ. ತೋಟದ ಮನೆ ಇರುವವರನ್ನು ಮುಂಚೆಯೇ ಕೇಳಿ ಒಪ್ಪಿಸಿಕೊಳ್ಳುವುದು, ಇಲ್ಲವೇ ದುಡ್ಡು ಕೊಟ್ಟು ತಂಗುವ ಕ್ಯಾಂಪ್ ಜಾಗ ಹಿಡಿಯುವುದು ಒಳ್ಳೆಯದು. ಎಷ್ಟೋ ಕಡೆ ಟೆಂಟ್ ಅವರೇ ಕೊಡುತ್ತಾರೆ, ನಿಮ್ಮ 2.6 ಕೆ.ಜಿ. ಅಲ್ಲೇ ಇಳಿಯಿತು.

ಸೂರು ನೀವೇ ಒಯ್ಯಬೇಕಾದರೆ ಮಳೆ ಇಲ್ಲದ ತಿಂಗಳುಗಳಲ್ಲಿ ಟಾರ್ಪಾಲಿನ್ ಸಾಕು. 120 ಜಿಎಸ್‌ಎಂ ಅಂದರೆ ಚದರ ಮೀಟರಿಗೆ 120 ಗ್ರಾಂ, 2×3 ಮೀಟರಿಂದಕ್ಕೆ 720 ಗ್ರಾಂ. ಎಸ್‌ಜೆಪಿ ರಸ್ತೆಯ ಕಡೆ ಸಿಗುವ 200 ಜಿಎಸ್‌ಎಂ ದಪ್ಪದ್ದು ತಂದರೆ 1.2 ಕೆ.ಜಿ. ಆಗುತ್ತದೆ, ಅಂಗಡಿಯಲ್ಲೇ ಕೇಳಿ ತಗೊಳ್ಳಿ. ಒಳಗೆ ಒಬ್ಬರ ಸೊಳ್ಳೆಪರದೆ, ಸುಮಾರು 250 ಗ್ರಾಂ. ಪರದೆಯ ಅಂಚು ನೆಲಕ್ಕೆ ಬಿದ್ದು ಮ್ಯಾಟ್ ಕೆಳಗೆ ಸಿಕ್ಕಿಸುವಷ್ಟು ಉದ್ದ ಇರಬೇಕು, ಇಲ್ಲದಿದ್ದರೆ ಅದನ್ನು ಒಯ್ದೂ ಪ್ರಯೋಜನವಿಲ್ಲ. ಸೊಳ್ಳೆಬತ್ತಿ ಬಯಲ ಗಾಳಿಯಲ್ಲಿ ಕೆಲಸ ಮಾಡುವುದಿಲ್ಲ.

ಟಾರ್ಪಾಲಿನ್ ಎತ್ತಲು ಎರಡು ಮರ ಇಲ್ಲವೇ ಬೇಲಿ ಕಂಬ ನೋಡಿಕೊಳ್ಳಿ. ಒಂದೇ ಮರ ಇದ್ದರೆ ಇನ್ನೊಂದು ತುದಿಗೆ ಸೈಕಲ್ಲನ್ನು ನಿಲ್ಲಿಸಿ ಹ್ಯಾಂಡಲ್‌ನಿಂದ ಎರಡೂ ಕಡೆ ಹಗ್ಗ ಎಳೆದು ಕಟ್ಟಬಹುದು. ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಬೇಡಿ. ಹೈಡ್ರಾಲಿಕ್ ಬ್ರೇಕಿನ ಲಿವರ್ ಒಳಗಿನ ಎಣ್ಣೆ ಡಬ್ಬಿಯಲ್ಲಿ ಸ್ವಲ್ಪ ಗಾಳಿ ಇದ್ದರೂ ಪೈಪಿಗೆ ಇಳಿಯುತ್ತದೆ, ಬೆಳಿಗ್ಗೆ ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ.

ನಮ್ಮ ಕೆಂಪು ಮಣ್ಣು ಒಣಗಿದರೆ ಕಲ್ಲಾಗುತ್ತದೆ. ಟೆಂಟ್ ಜೊತೆ ಬರುವ ತೆಳ್ಳನೆಯ ಗೂಟಗಳು ಅಲ್ಲಿ ಬಾಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಆರಿಂಚು ಮೊಳೆ ನಾಲ್ಕು ತಗೊಳ್ಳಿ, ಸುಮಾರು 130 ಗ್ರಾಂ. ಈ ಭಾರ ಹೊರುವುದಕ್ಕೆ ಅರ್ಥವಿದೆ. ಬಂಡೆಯ ಮೇಲೆ ಯಾವ ಗೂಟವೂ ಇಳಿಯದು, ಕಲ್ಲು ಹೇರಿ ಕಟ್ಟಬೇಕು. ಬೇಸಿಗೆಯಲ್ಲಿ ಬಂಡೆ ಹಗಲಿನ ಕಾವನ್ನು ರಾತ್ರಿಯಿಡೀ ಬಿಡುತ್ತಿರುತ್ತದೆ, ಆಗ ಮಣ್ಣೇ ಮೇಲು. ತೆಂಗಿನ ಮರದ ಕೆಳಗೂ, ಒಣಕೊಂಬೆ ಇರುವ ನೀಲಗಿರಿಯ ಕೆಳಗೂ ಹಾಸಬೇಡಿ.

ಹಾಸಿಗೆ ವಿಷಯ. ಬೆಂಗಳೂರಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತದೆ, ಬಯಲಲ್ಲಿ, ಅದರಲ್ಲೂ ಕೆರೆ ಪಕ್ಕದಲ್ಲಿ, ಇನ್ನೂ ಎರಡು ಮೂರು ಡಿಗ್ರಿ ಕಡಿಮೆ ಅಂದುಕೊಳ್ಳಿ. 15 ಡಿಗ್ರಿ ಕಂಫರ್ಟ್ (ಅಷ್ಟು ಚಳಿಯವರೆಗೆ ಆರಾಮವಾಗಿ ಮಲಗಬಹುದು) ಅಂತ ಬರೆದಿರುವ ಸ್ಲೀಪಿಂಗ್ ಬ್ಯಾಗ್, ಮೇಲೊಂದು ತೆಳು ಸ್ವೆಟರ್, ಮಂಕಿ ಕ್ಯಾಪ್ ಸಾಕು. ಮಾರ್ಚ್ ಬಂದ ಮೇಲೆ ಪಂಚೆಯೋ ಹತ್ತಿ ಬೆಡ್‌ಶೀಟೋ ಇದ್ದರಾಯಿತು. ಆದರೆ ಮ್ಯಾಟ್ ಬಿಡಬೇಡಿ, ಚಳಿ ಹೆಚ್ಚಾಗಿ ಕೆಳಗಿನಿಂದಲೇ ಹತ್ತುವುದು. ಫೋಮ್ ಮ್ಯಾಟನ್ನು ಭುಜದಿಂದ ಮಂಡಿಯವರೆಗೆ, 120 ಸೆಂ.ಮೀ.ಗೆ ಕತ್ತರಿಸಿ. ಕಾಲ ಕೆಳಗೆ ಖಾಲಿ ಬ್ಯಾಗ್ ಹಾಕಿಕೊಳ್ಳಬಹುದು.

ಬಟ್ಟೆ 2.4 ಕೆ.ಜಿ. ತೀರಾ ಹೆಚ್ಚು. ತುಳಿಯುವಾಗ ಮೈಮೇಲಿರುವುದು ಒಂದು ಜೊತೆ, ಮಲಗಲು ಒಣಗಿದ್ದು ಒಂದು ಜೊತೆ. ಎರಡನೆಯದನ್ನು ಮಲಗುವ ತನಕ ಹಾಕಬೇಡಿ, ಬೆವರು ಸೇರಿದರೆ ನಡುರಾತ್ರಿ ಚಳಿ ಹಿಡಿಯುತ್ತದೆ. ಟವೆಲ್ ಬದಲು ಪಾಣಿಪಂಚೆ. ಜೀನ್ಸ್, ಎರಡನೇ ಚಪ್ಪಲಿ ಮನೆಯಲ್ಲಿರಲಿ.

ಕ್ಯಾರಿಯರ್_ಪಕ್ಷ

ಬ್ಯಾಗಿನ ಪ್ರಶ್ನೆಗೆ ಉತ್ತರಿಸುತ್ತೇನೆ. ತೂತುಗಳಿರುವ ಸೈಕಲ್ಲಿಗೆ ಕ್ಯಾರಿಯರ್ ಹಾಕಿಸಿ. ಅಲ್ಯೂಮಿನಿಯಂ ಕ್ಯಾರಿಯರ್ 700 ಗ್ರಾಂ ಆಸುಪಾಸು ಬರುತ್ತದೆ, ಬೆನ್ನು ಖಾಲಿಯಾಗುತ್ತದೆ. ಕೊಳ್ಳುವಾಗ ಡಿಸ್ಕ್ ಬ್ರೇಕಿಗೆ ಹೊಂದುವುದೇ ಅಂತ ಕೇಳಿ, ಸಾಮಾನ್ಯ ಕ್ಯಾರಿಯರಿನ ಕಾಲು ಹಿಂದಿನ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ತಾಗುತ್ತದೆ. ಸೀಟಿನ ಕಂಬಕ್ಕೆ ಕಚ್ಚಿಸುವ ಮಾದರಿ ಬೇಡ. ಅದರ ಮಿತಿ ಸಾಮಾನ್ಯವಾಗಿ 9–10 ಕೆ.ಜಿ., ಗುಂಡಿ ರಸ್ತೆಯಲ್ಲಿ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ.

ಬೋಲ್ಟುಗಳು ಸಾಮಾನ್ಯವಾಗಿ ಎಂ5, ಅಂದರೆ 5 ಎಂಎಂ ದಪ್ಪದವು. ಹೊಸದಾಗಿ ಕೂರಿಸಿದ ಮೇಲೆ ಮೊದಲ 20 ಕಿ.ಮೀ. ಆದಾಗ ಒಮ್ಮೆ 4 ಎಂಎಂ ಅಲನ್ ಕೀಯಲ್ಲಿ ಬಿಗಿ ನೋಡಿ, ಎರಡು ಬೋಲ್ಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಕಟ್ಟಲು ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಬಳಸಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕೊಕ್ಕೆ ಕಳಚಿ ಕಡ್ಡಿಗಳ ನಡುವೆ ಹೋದರೆ ಚಕ್ರ ಒಮ್ಮೆಲೇ ಕಚ್ಚಿ ನಿಲ್ಲುತ್ತದೆ. ಬಕಲ್ ಇರುವ 25 ಎಂಎಂ ಪಟ್ಟಿ ಎರಡು ಸಾಕು, ತುದಿ ಉಳಿದರೆ ಒಳಕ್ಕೆ ಸಿಕ್ಕಿಸಿ.

ಸೀಟ್ ಬ್ಯಾಗೇ ಬೇಕು ಅನ್ನುವವರಿಗೆ: ಬ್ಯಾಗ್ ತುಂಬಿದ ಮೇಲೆ ಅದರ ತಳಕ್ಕೂ ಟೈರಿಗೂ ಕನಿಷ್ಠ 8 ಸೆಂ.ಮೀ. ಜಾಗ ಉಳಿಯಬೇಕು, ಕುಳ್ಳಗಿರುವವರಿಗೆ ಇದು ಕಷ್ಟ. ಭಾರದ್ದು ಸೀಟಿನ ಕಂಬದ ಹತ್ತಿರ, ಹಗುರದ್ದು ತುದಿಗೆ. ಅದಲುಬದಲಾದರೆ ನಿಂತು ತುಳಿಯುವಾಗ ಬಾಲದ ಹಾಗೆ ಆಡುತ್ತದೆ. ಮ್ಯಾಟು, ಟಾರ್ಪಾಲಿನ್ ಹ್ಯಾಂಡಲ್ ಮೇಲೆ ಸುತ್ತಿ ಕಟ್ಟಬಹುದು, ಆದರೆ 2.5 ಕೆ.ಜಿ. ದಾಟಿಸಬೇಡಿ, ಬ್ರೇಕ್ ಪೈಪ್ ಮಡಚದಂತೆ ನೋಡಿಕೊಳ್ಳಿ.

ಟಾರ್ಪಾಲಿನ್ ಬಗ್ಗೆ ಮೇಲಿನವರ ಜೊತೆ ಪೂರ್ತಿ ಒಪ್ಪುವುದಿಲ್ಲ. ಮೇ ತಿಂಗಳ ಗುಡುಗುಮಳೆ ಅಡ್ಡಡ್ಡ ಹೊಡೆಯುತ್ತದೆ, ಆಮೇಲೆ ಅಕ್ಟೋಬರ್ ತನಕ ಮಳೆಯ ನಂಬಿಕೆ ಇಲ್ಲ. ಆ ತಿಂಗಳುಗಳಿಗೆ ಟೆಂಟೇ ಸರಿ.

ಹೈಬ್ರಿಡ್_ವಿಜಯನಗರ

ತುಂಬ ಉಪಕಾರವಾಯಿತು. ಹಾಗಾದರೆ ಅಡುಗೆ ಸಾಮಾನು, ಟೂಲ್ಸ್? ನೀರು ಎಷ್ಟು ಲೀಟರ್?

ಗೊಜ್ಜವಲಕ್ಕಿ

ಒಂದೇ ರಾತ್ರಿಗೆ ಸ್ಟವ್ ಬೇಡ. ಮಾಗಡಿಯಲ್ಲೋ ರಾಮನಗರದಲ್ಲೋ ಸಂಜೆ ಹೋಟೆಲಲ್ಲಿ ಹೊಟ್ಟೆ ತುಂಬ ತಿಂದು ಹೊರಡಿ, ಬೆಳಿಗ್ಗೆ ಮತ್ತೆ ಇಡ್ಲಿಗೆ ಅಲ್ಲಿಗೇ ಬನ್ನಿ. ನಡುವೆ ಬೇಕಿರುವುದು ಒಂದೇ ಹೊತ್ತಿನದು. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ತರಿಯಾಗಿ ಪುಡಿ ಮಾಡಿ 100 ಗ್ರಾಂ ಡಬ್ಬಿಗೆ ಹಾಕಿ. ಹುಣಸೆ, ಬೆಲ್ಲ, ಉಪ್ಪು, ಸಾರಿನ ಪುಡಿ ಕುದಿಸಿದ ಗಟ್ಟಿ ಗೊಜ್ಜು ಎರಡು ಚಮಚ ಬೇರೆ ಪುಟ್ಟ ಡಬ್ಬಿಯಲ್ಲಿ. ಅಲ್ಲಿ ಗೊಜ್ಜನ್ನು ಅರ್ಧ ಲೋಟ ನೀರಿಗೆ ಕದಡಿ ಅವಲಕ್ಕಿಗೆ ಸುರಿದು ಮುಚ್ಚಿಟ್ಟರೆ 20 ನಿಮಿಷಕ್ಕೆ ಉದುರಾಗುತ್ತದೆ. ನೀರು ಹೆಚ್ಚಾದರೆ ಮುದ್ದೆ, ಸ್ವಲ್ಪ ಸ್ವಲ್ಪವೇ ಹಾಕಿ. ಹಸಿ ಕಾಯಿತುರಿ ಸೆಕೆಗೆ ಹಳಸುತ್ತದೆ, ಒಣಕೊಬ್ಬರಿ ಹಾಕಿ. ಮೊಸರನ್ನವೂ ಹಾಗೆಯೇ, ಡಬ್ಬಿಯಲ್ಲಿ ಐದಾರು ಗಂಟೆಗೆ ಹುಳಿ ಬರುತ್ತದೆ. ದಾರಿಗೆ ಕಡಲೆಕಾಯಿ ಚಿಕ್ಕಿ, ಎರಡು ಬಾಳೆಹಣ್ಣು. ಎಲ್ಲ ಸೇರಿ 600 ಗ್ರಾಂ ಮೀರದು.

ಕಾಫಿ ಬಿಡಲಾಗದವರು ಸಣ್ಣ ಸ್ಟವ್, 110 ಗ್ರಾಂ ಗ್ಯಾಸಿನ ಚಿಕ್ಕ ಸಿಲಿಂಡರ್, ಒಂದು ಲೋಟದಂಥ ಪಾತ್ರೆ ಮಾತ್ರ ಒಯ್ಯಲಿ. ಅರ್ಧ ಲೀಟರ್ ಕುದಿಯಲು ಗಾಳಿ ಇಲ್ಲದಿದ್ದರೆ 10 ಗ್ರಾಂ ಗ್ಯಾಸ್ ಸಾಕು. ಜನವರಿಯಿಂದ ಮೇ ತನಕ ಹುಲ್ಲು ಒಣಗಿರುತ್ತದೆ, ಬರಿ ಬಂಡೆ ಮೇಲೆ ಬಿಟ್ಟು ಬೇರೆಲ್ಲೂ ಹಚ್ಚಬೇಡಿ.

ನೀರು: ಮನೆಯಿಂದ ಎರಡು ಬಾಟಲಿ ಮಾತ್ರ. ಮಲಗುವ ಜಾಗಕ್ಕೆ ಹತ್ತಿರದ ಕೊನೆಯ ಹಳ್ಳಿಯಲ್ಲಿ ತುಂಬಿಸಿಕೊಂಡು, ರಾತ್ರಿಗೆ ಒಬ್ಬರಿಗೆ 3 ಲೀಟರ್ ಇರುವಂತೆ ನೋಡಿಕೊಳ್ಳಿ. ಮಡಚುವ ಚೀಲ ಇದ್ದರೆ 3 ಕೆ.ಜಿ. ಭಾರ ಕೊನೆಯ ಕೆಲವೇ ಕಿ.ಮೀ. ಹೊತ್ತರಾಯಿತು. ಎಷ್ಟೋ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಬೇಕು. ಜೇಬಲ್ಲಿ ಐದು ರೂಪಾಯಿ ನಾಣ್ಯಗಳಿರಲಿ. ಒಮ್ಮೆ ಹಾಕಿದರೆ ಕ್ಯಾನ್ ತುಂಬುವಷ್ಟು ಸುರಿಯುತ್ತದೆ. ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಉಳಿದದ್ದು ಬಿಡಿ, ಚೆಲ್ಲಬೇಡಿ.

ಜಾಲಿಮುಳ್ಳು

ಟೂಲ್ಸ್‌ಗೆ ಇಷ್ಟು: ಟ್ಯೂಬ್ 1, ಟೈರ್ ಲಿವರ್ 2, ಪ್ಯಾಚ್ 6, ತೆರೆಯದ ಸೊಲ್ಯೂಷನ್ (ಒಮ್ಮೆ ತೆರೆದದ್ದು ಒಳಗೇ ಒಣಗುತ್ತದೆ), ಸಣ್ಣ ಪಂಪ್, ಚೈನ್ ಟೂಲ್ ಇರುವ ಮಲ್ಟಿಟೂಲ್, ನಿಮ್ಮ ಗೇರಿಗೆ ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ). 8 ಸ್ಪೀಡ್ ಚೈನಿನ ಲಿಂಕ್ 9 ಸ್ಪೀಡಿಗೆ ಆಗುವುದಿಲ್ಲ. ಪ್ರೆಸ್ಟಾ ವಾಲ್ವ್ (ತುದಿಯಲ್ಲಿ ಪುಟ್ಟ ತಿರುಪು ಇರುವ ತೆಳ್ಳನೆಯದು) ಆದರೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ, ಊರಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆಗ ಕೂರುತ್ತದೆ. 1.1 ಕೆ.ಜಿ. 700 ಗ್ರಾಂಗೆ ಇಳಿಯುತ್ತದೆ.

ಕೆರೆ ಏರಿಗಳ ಮೇಲೆ ಜಾಲಿ ಮುಳ್ಳು ದಂಡಿಯಾಗಿ ಬಿದ್ದಿರುತ್ತದೆ. ಮಲಗುವ ಜಾಗದ ಕೊನೆಯ 200 ಮೀಟರ್ ಸೈಕಲ್ ಎತ್ತಿಕೊಂಡೇ ಹೋಗಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ. ಮುರಿದ ಮೊನೆ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಗಾಳಿ, ಸವಾರರ ತೂಕ 70 ಕೆ.ಜಿ. ಅಂದುಕೊಂಡರೆ ಹಿಂದೆ 55–60 ಪಿಎಸ್‌ಐ, ಮುಂದೆ 45–50.

ರಾಮನಗರಕ್ಕೆ ಹೋಗುವುದಾದರೆ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಸೈಕಲ್ಲಿಗೆ ಅಲ್ಲಿ ನಿಷೇಧ. ಸರ್ವಿಸ್ ರಸ್ತೆ ಹಿಡಿಯಿರಿ.

ಕೆರೆಏರಿ

ಇನ್ನೊಂದು. ಡಿಸೆಂಬರಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತದೆ, ಮಧ್ಯಾಹ್ನ ಎರಡಕ್ಕೆ ಮೊದಲು ವಿಜಯನಗರ ಬಿಡಿ. 5,000 ಎಂಎಎಚ್ ಪವರ್ ಬ್ಯಾಂಕ್ ಒಂದು ರಾತ್ರಿಗೆ ಸಾಕು, ಟೆಂಟಿಗೆ ಬೇರೆ ದೀಪ ಬೇಡ, ತಲೆಗೆ ಕಟ್ಟುವ ಟಾರ್ಚ್ ಒಂದೇ ಇರಲಿ. ಬೆಳಿಗ್ಗೆ ಟಾರ್ಪಾಲಿನ್ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಅದನ್ನು ಸ್ಲೀಪಿಂಗ್ ಬ್ಯಾಗ್ ಜೊತೆ ತುಂಬಬೇಡಿ. ಕ್ಯಾರಿಯರ್ ಮೇಲೆ ಹೊರಗೆ ಕಟ್ಟಿ ತಂದು, ಮನೆಗೆ ಬಂದ ದಿನವೇ ತಾರಸಿ ಮೇಲೆ ಒಣಗಿಸಿ. ಮಡಚಿಟ್ಟರೆ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ.